ಸಣ್ಣ ಮನೆಗೆ ಬೆಳೆದ ನಾಯಿ: ಆರಿಸುವುದು ಹೇಗೆ?

ಕಾರವಾರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಂಗಳ ಇಲ್ಲ, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಆದರೂ ನಾಯಿ ಸಾಕುವ ಆಸೆ. ಇಂಥವರು ಮರಿ ತರುವ ಬದಲು ಎರಡು ವರ್ಷ ದಾಟಿದ ನಾಯಿಯನ್ನು ದತ್ತು ತೆಗೆದುಕೊಳ್ಳುವುದು ಒಳ್ಳೆಯದು. ಮರಿ ಎಷ್ಟು ದೊಡ್ಡದಾಗುತ್ತದೆ, ಎಂಥ ಸ್ವಭಾವದ್ದಾಗುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಬೆಳೆದ ನಾಯಿಯಲ್ಲಿ ಅದೆಲ್ಲ ಕಣ್ಣೆದುರೇ ಇರುತ್ತದೆ. ಅದಕ್ಕೆ ಎರಡು ಹೊತ್ತಿನ ಊಟ ಸಾಕು. ಆರೋಗ್ಯವಾಗಿದ್ದರೆ ರಾತ್ರಿಯಿಡೀ ಮೂತ್ರ ತಡೆದುಕೊಳ್ಳುತ್ತದೆ.

ಮೊದಲು ಮನೆಯ ಮಾಲೀಕರ ಒಪ್ಪಿಗೆ ಪಡೆಯಿರಿ. ಆಮೇಲೆ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಡಿಸೆಂಬರ್ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಓಡಾಡಿಸುವ ಕನಸಿಟ್ಟುಕೊಂಡು ನಾಯಿ ಆರಿಸಬೇಡಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ನಾಯಿ ಬಹುಪಾಲು ನಿಮ್ಮ ಜೊತೆ ಒಳಗೇ ಇರಬೇಕು. ಹೊರಗೆ ಮಳೆ ಹೊಡೆಯುವಾಗ ಸುಮ್ನೆ ಮಲಗುವ ನಾಯಿ ನಿಮಗೆ ಬೇಕು.

ಹೀಗೆ ನೋಡಿದರೆ ಗಾತ್ರ ಅಷ್ಟು ಮುಖ್ಯವಲ್ಲ. ಪುಟ್ಟ ಪೊಮೆರೇನಿಯನ್ ದಿನವಿಡೀ ಬೊಗಳಿದರೆ ನೆರೆಯವರಿಗೆ ತಲೆನೋವು. ಏಳೆಂಟು ವರ್ಷದ ಶಾಂತ ಲ್ಯಾಬ್ರಡಾರ್ ಮೂಲೆ ಹಿಡಿದು ನಿದ್ದೆ ಮಾಡಬಹುದು. ಅದೇ ಎರಡು ವರ್ಷದ ಲ್ಯಾಬ್ರಡಾರ್‌ಗೆ ದಿನಾ ಚೆನ್ನಾಗಿ ಓಡಾಟ ಬೇಕು. ದಟ್ಟ ಕೂದಲಿನ ಹಸ್ಕಿಯಂಥವು ಕರಾವಳಿಯ ಸೆಕೆಗೆ ಬೇಡವೇ ಬೇಡ. ಚಪ್ಪಟೆ ಮೂತಿಯ ಪಗ್‌ಗೆ ಏಪ್ರಿಲ್, ಮೇ ತಿಂಗಳಲ್ಲಿ ಉಸಿರಾಡುವುದೇ ಕಷ್ಟ. ನಮ್ಮ ನಾಟಿ ನಾಯಿಯ ಕೂದಲು ಗಿಡ್ಡ, ಒದ್ದೆಯಾದರೂ ಬೇಗ ಒಣಗುತ್ತದೆ. ನನ್ನ ಮೊದಲ ಆಯ್ಕೆ ಅದೇ.

ಎಲ್ಲಿ ಹುಡುಕುವುದು? ಪಶು ಆಸ್ಪತ್ರೆಯಲ್ಲಿ ಕೇಳಿ. ವರ್ಗವಾಗಿ ಊರು ಬಿಡುವವರೂ ಕೆಲವೊಮ್ಮೆ ತಮ್ಮ ನಾಯಿಗೆ ಮನೆ ಹುಡುಕುತ್ತಿರುತ್ತಾರೆ. ನಿಮ್ಮ ಓಣಿಯ ನಾಯಿಯನ್ನೂ ಮರೆಯಬೇಡಿ. ಅದರ ಗುಣ ನಿಮಗೆ ಈಗಾಗಲೇ ಗೊತ್ತು, ಅಲ್ವಾ? ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದು ಅರ್ಥ. ಆದರೆ ಬೀದಿಯಲ್ಲೇ ಬೆಳೆದದ್ದಕ್ಕೆ ಬಾಗಿಲು ಹಾಕಿದರೆ ಗಾಬರಿಯಾಗಬಹುದು. ಮೊದಲು ಮಳೆಯ ರಾತ್ರಿಗಳಲ್ಲಿ ಜಗಲಿಯಲ್ಲಿ ಮಲಗಲು ಬಿಡಿ. ತಾನಾಗಿ ಒಳಗೆ ಬಂದು ಮಲಗತೊಡಗಿದರೆ ಮುಂದುವರಿಯಿರಿ.

ನಾಯಿಯನ್ನು ಒಂದೇ ಭೇಟಿಯಲ್ಲಿ ಒಪ್ಪಿಕೊಳ್ಳಬೇಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. ಕರೆಯದೆ ಸುಮ್ಮನೆ ಕುಳಿತುಕೊಳ್ಳಿ. ಮೈ ಸಡಿಲ ಬಿಟ್ಟು ಹತ್ತಿರ ಬಂದು ಮೂಸಿ, ಆಮೇಲೆ ತನ್ನ ಪಾಡಿಗೆ ಮಲಗಿದರೆ ಬಹಳ ಒಳ್ಳೆಯದು. ಮೈ ಬಿಗಿದು ನಿಂತರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ, ಮತ್ತೆ ಮತ್ತೆ ತುಟಿ ನೆಕ್ಕಿದರೆ ಅದಕ್ಕೆ ಭಯವಿದೆ. ಒತ್ತಾಯ ಮಾಡಬೇಡಿ, ಇನ್ನೊಂದು ದಿನ ಹೋಗಿ. ಕುಕ್ಕರ್ ಸೀಟಿಗೆ, ಮಿಕ್ಸಿ ಸದ್ದಿಗೆ, ಗುಡುಗಿಗೆ ಏನು ಮಾಡುತ್ತದೆ ಎಂದು ಸಾಕಿದವರನ್ನು ಕೇಳಿ. ಸ್ವಲ್ಪ ಬೆಚ್ಚಿ ಮತ್ತೆ ಸರಿಹೋದರೆ ಚಿಂತೆಯಿಲ್ಲ. ಮೀನು ಮಾರುಕಟ್ಟೆಯ ಹತ್ತಿರ ಬೆಲ್ಟ್ ಹಾಕಿ ನಡೆಸಿ ನೋಡಿ. ಬೆಕ್ಕು, ಕಾಗೆ, ಸ್ಕೂಟರ್ ಎಲ್ಲವೂ ಅಲ್ಲೇ ಪರೀಕ್ಷೆಗೆ ಸಿಗುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕರೆದೊಯ್ಯಿರಿ. ಇನ್ನೊಂದು ಪ್ರಶ್ನೆ ಬಿಡಲೇಬಾರದು: ಒಂಟಿಯಾಗಿ ಬಿಟ್ಟರೆ ಎಷ್ಟು ಹೊತ್ತು ಇರುತ್ತದೆ? ನೀವಿಬ್ಬರೂ ಕೆಲಸಕ್ಕೆ ಹೋಗುವವರಾದರೆ ನಾಯಿ ನಿಮಗೆ ಹೊಂದುತ್ತದೋ ಇಲ್ಲವೋ ಎಂಬುದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ.

ಒಪ್ಪುವ ಮುಂಚೆ ಪಶುವೈದ್ಯರಿಗೆ ತೋರಿಸಿ. ನಮ್ಮ ಕಡೆ ಉಣುಗಿನ ಕಾಟ ಜಾಸ್ತಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ. ವಸಡು ಬಿಳಿಚಿಕೊಂಡು ನಾಯಿ ಮಂಕಾಗಿದ್ದರೆ ಉಣುಗು ಜ್ವರ ಇರಬಹುದು, ರಕ್ತಪರೀಕ್ಷೆ ಮಾಡಿಸಿ. ರೇಬೀಸ್ ಲಸಿಕೆ ಹಾಕಿಸಿದ ಕಾರ್ಡ್ ಕೇಳಿ. ಮಳೆನೀರು ನಿಲ್ಲುವ ಜಾಗದಲ್ಲಿ ಇಲಿ ಜ್ವರದ ಲಸಿಕೆಯೂ ಅಗತ್ಯ. ಪರಿಚಯದ ಹೊತ್ತಿನಲ್ಲಿ ಹಲ್ಲು, ಉಗುರು ತಾಗಿ ಗಾಯವಾದರೆ ಸೋಪು ಹಚ್ಚಿ 15 ನಿಮಿಷ ನೀರಿನಲ್ಲಿ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ.

ತಂದ ಮೇಲೆ ಮೊದಲ ದಿನಗಳಲ್ಲಿ ನಾಯಿ ಊಟ ಬಿಡಬಹುದು, ಮಂಚದ ಕೆಳಗೆ ಅಡಗಬಹುದು. ನೆಂಟರಿಷ್ಟರನ್ನೆಲ್ಲ ಕರೆದು ತೋರಿಸಬೇಡಿ. ಅದಕ್ಕೇ ಒಂದು ಮೂಲೆ ಕೊಡಿ, ಹಿಂದೆ ತಿನ್ನುತ್ತಿದ್ದ ಊಟವನ್ನೇ ಕೆಲವು ದಿನ ಕೊಡಿ. ಮನೆಯ ವಾಡಿಕೆಗೆ ಹೊಂದಿಕೊಳ್ಳಲು ಕೆಲವು ವಾರ, ಪೂರ್ತಿ ಹೊಂದಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಹೊಂದಿಕೆಯಾಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೊಡುವವರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಅವರಿಗೆ ಆಗದಿದ್ದರೆ ಇನ್ನೊಂದು ಮನೆ ಸಿಗುವ ತನಕ ನೀವೇ ಸಾಕಬೇಕು. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.