ಚಳಿಗೆ ಅಂಟಿನ ಉಂಡೆ: ಅಂಟು ಹುರಿಯುವುದರಲ್ಲೇ ಎಲ್ಲ ಇದೆ

ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಹಾಸಿಗೆ ಬಿಡಲು ಮನಸ್ಸೇ ಬರುವುದಿಲ್ಲ. ಬಿಸಿಲಿಲ್ಲ, ಓಡಾಟವಿಲ್ಲ, ಹಸಿವಾದರೆ ಚಹಾ ಜೊತೆ ಎರಡು ಬಿಸ್ಕತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು, ಸುಮ್‌ಸುಮ್ನೆ ಸಿಡುಕು. ಧಾರವಾಡ, ಬಾಗಲಕೋಟೆ ಕಡೆ ಬಾಣಂತಿಯರಿಗೆಂದು ಮಾಡುವ ಅಂಟಿನ ಉಂಡೆ ಚಳಿಗಾಲದಲ್ಲಿ ಮನೆಮಂದಿಗೆಲ್ಲ ಒದಗುತ್ತದೆ. ಆದರೆ ಮಾಡಿದವರಲ್ಲಿ ಎಷ್ಟೋ ಜನರ ಉಂಡೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಇಲ್ಲವೇ ಗೋಡೆಗೆ ಹೊಡೆದರೂ ಒಡೆಯುವುದಿಲ್ಲ. ತಪ್ಪಾಗುವುದು ಎರಡೇ ಕಡೆ: ಅಂಟು ಮತ್ತು ಪಾಕ.

ಸುಮಾರು 35 ಉಂಡೆಗೆ ಬೇಕಾಗುವುದು: ಅಂಟು 100 ಗ್ರಾಂ, ಒಣ ಕೊಬ್ಬರಿ 250 ಗ್ರಾಂ, ಬೀಜ ತೆಗೆದ ಉತ್ತತ್ತಿ 250 ಗ್ರಾಂ, ಬಾದಾಮಿ, ಗೋಡಂಬಿ ತಲಾ 100 ಗ್ರಾಂ, ಒಣದ್ರಾಕ್ಷಿ ಒಂದು ಹಿಡಿ, ಗಸಗಸೆ ಎರಡು ಚಮಚ, ಬೆಲ್ಲ 300 ಗ್ರಾಂ, ತುಪ್ಪ 200 ಗ್ರಾಂ, ಏಲಕ್ಕಿ, ಜಾಜಿಕಾಯಿ. ಜಾಜಿಕಾಯಿ ಬಿಡಬೇಡಿ. ಅದಿಲ್ಲದಿದ್ದರೆ ಉಂಡೆಗೆ ಕಳೆಯೇ ಇರುವುದಿಲ್ಲ. ಆದರೆ ಚಿಟಿಕೆಗಿಂತ ಜಾಸ್ತಿ ಬೇಡ.

ಅಂಗಡಿಯಲ್ಲಿ ಎಚ್ಚರ. ನಮಗೆ ಬೇಕಾದದ್ದು ಜಾಲಿ ಮರದ ಅಂಟು, ಹರಳಿನ ಹಾಗೆ ಇರುತ್ತದೆ. ಗೋಂದ್ ಕತೀರಾ ಎಂದು ಮಾರುವುದು ಬೇರೆ. ಅದು ನೀರಲ್ಲಿ ಉಬ್ಬುವ, ಬೇಸಿಗೆಯ ಶರಬತ್ತಿಗೆ ಹಾಕುವ ವಸ್ತು. ತುಪ್ಪದಲ್ಲಿ ಅರಳುವುದಿಲ್ಲ. ಅನುಮಾನವಿದ್ದರೆ ಒಂದು ಚೂರು ನೀರಿಗೆ ಹಾಕಿ ನೋಡಿ. ಕರಗಿದರೆ ಸರಿ, ಲೋಳೆಯಾಗಿ ಉಬ್ಬಿದರೆ ವಾಪಸ್ ಕೊಡಿ. ತುರಿದಿಟ್ಟ ಕೊಬ್ಬರಿ ಪ್ಯಾಕೆಟ್ಟೂ ಬೇಡ, ಬೇಗ ಕನರು ವಾಸನೆ ಬರುತ್ತದೆ. ಕೊಬ್ಬರಿ ಬಟ್ಟಲನ್ನೇ ತಂದು ತುರಿಯಿರಿ. ಉತ್ತತ್ತಿಯನ್ನು ಒಂದೊಂದಾಗಿ ಬಿಡಿಸಿ ಒಳಗೆ ಹುಳ, ಬೂಸ್ಟು ನೋಡಿ.

ಈಗ ಅಂಟು. ಮೊದಲು ಒಂದು ಗಂಟೆ ಬಿಸಿಲಿಗಿಡಿ. ಆಮೇಲೆ ಕುಟ್ಟಾಣಿಯಲ್ಲಿ ಜೋಳದ ಕಾಳಿನಷ್ಟು ಚೂರು ಮಾಡಿ. ಈ ಕೆಲಸಕ್ಕೆ ಬೇಜಾರು ಪಟ್ಟುಕೊಂಡು ದೊಡ್ಡ ಹರಳನ್ನೇ ಹಾಕಿದರೆ ಹೊರಗೆ ಅರಳುತ್ತದೆ, ಒಳಗೆ ಕಲ್ಲಾಗಿಯೇ ಉಳಿಯುತ್ತದೆ. ಹಲ್ಲಿಗೆ ಮೆತ್ತುವುದು ಅದೇ. ದಪ್ಪ ತಳದ ಬಾಣಲೆಯಲ್ಲಿ ತುಪ್ಪ ಕಾಯಿಸಿ, ಒಂದೇ ಒಂದು ಚೂರು ಹಾಕಿ. ತಳದಲ್ಲೇ ಕೂತರೆ ತುಪ್ಪ ಕಾದಿಲ್ಲ. ಹಾಕಿದ್ದೇ ಕೆಂಪಾದರೆ ಜಾಸ್ತಿ ಕಾದಿದೆ. ಮೇಲೆ ಬಂದು ನಿಧಾನಕ್ಕೆ ಬೆಳ್ಳಗೆ ಉಬ್ಬಬೇಕು, ಮಂಡಕ್ಕಿ ಅರಳಿದ ಹಾಗೆ. ಆಗ ಉರಿ ಸಣ್ಣ ಮಾಡಿ, ಒಂದೊಂದೇ ಚಮಚ ಹಾಕಿ ಕೈಯಾಡಿಸುತ್ತಾ ಹುರಿಯಿರಿ. ಒಟ್ಟಿಗೆ ಸುರಿದರೆ ತುಪ್ಪ ತಣ್ಣಗಾಗಿ ಎಲ್ಲ ಮುದ್ದೆಯಾಗುತ್ತದೆ. ಪ್ರತಿ ಸಲ ತೆಗೆದಾಗಲೂ ಒಂದನ್ನು ಆರಿಸಿ ಬೆರಳಲ್ಲಿ ಒತ್ತಿ. ಪುಡಿಪುಡಿಯಾದರೆ ಆಯಿತು. ನಡುವೆ ಗಟ್ಟಿ ಸಿಕ್ಕರೆ ಆ ಸುತ್ತನ್ನು ಮತ್ತೆ ತುಪ್ಪಕ್ಕೆ ಹಾಕಿ. ಪೂರ್ತಿ ಆರಿದ ಮೇಲೆ ವಾಟಿಯ ತಳದಿಂದ ಒತ್ತಿ ಪುಡಿ ಮಾಡಿ. ಮಿಕ್ಸಿ ಬೇಡ. ಹಿಟ್ಟಾಗಿಬಿಟ್ಟರೆ ಬಾಯಲ್ಲಿ ಆ ಕುರುಕುರು ಎಲ್ಲಿ ಬರುತ್ತದೆ, ಅಲ್ವಾ? ಮೈಕ್ರೋವೇವ್‌ನಲ್ಲಿ ತುಪ್ಪವಿಲ್ಲದೆ ಅರಳಿಸುವವರಿದ್ದಾರೆ. ಅರಳುವುದೇನೋ ಅರಳುತ್ತದೆ, ರುಚಿ ಮಾತ್ರ ಕಾಗದದ್ದು.

ಉಳಿದ ತುಪ್ಪದಲ್ಲೇ ಬಾದಾಮಿ, ಗೋಡಂಬಿ, ದ್ರಾಕ್ಷಿ, ಜಜ್ಜಿದ ಉತ್ತತ್ತಿ, ಕೊಬ್ಬರಿ, ಗಸಗಸೆ ಬೇರೆ ಬೇರೆಯಾಗಿ ಹುರಿದು ತರಿತರಿಯಾಗಿ ಕುಟ್ಟಿ, ಅಂಟಿನ ಜೊತೆ ಬೆರೆಸಿ.

ಬೆಲ್ಲ ಕಂದು ಬಣ್ಣದ್ದೇ ಇರಲಿ. ಫಳಫಳ ಹೊಳೆಯುವ ಹಳದಿ ಬೆಲ್ಲಕ್ಕೆ ಬಣ್ಣ ತಿಳಿಯಾಗಲು ರಾಸಾಯನಿಕ ಹಾಕಿರುವ ಸಾಧ್ಯತೆ ಜಾಸ್ತಿ. ಕಾಲು ಲೋಟ ನೀರಲ್ಲಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ. ಎರಡು ಬೆರಳ ನಡುವೆ ಒಂದೆಳೆ ಬಂದ ತಕ್ಷಣ ಇಳಿಸಿ. 'ಇನ್ನೊಂದು ನಿಮಿಷ ಇರಲಿ' ಎಂದವರ ಉಂಡೆಯೇ ಕಲ್ಲಾಗುವುದು. ಪಾಕಕ್ಕೆ ಏಲಕ್ಕಿ, ಜಾಜಿಕಾಯಿ ಪುಡಿ ಹಾಕಿ, ಕುಟ್ಟಿದ್ದನ್ನೆಲ್ಲ ಸುರಿದು ಕಲಸಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಗೆ ತುಪ್ಪ ಸವರಿ ಬಿಗಿಯಾಗಿ ಕಟ್ಟಿ. ಆರಿ ಉದುರಿದರೆ ಬಾಣಲೆಯನ್ನು ಮತ್ತೆ ಸ್ವಲ್ಪ ಬಿಸಿ ಮಾಡಿ. ಹಾಲು ಚಿಮುಕಿಸಿ ಕಟ್ಟುವ ಅಡ್ಡದಾರಿ ಬೇಡ, ಬೇಗ ಕೆಡುತ್ತದೆ.

ಬೆಳಿಗ್ಗೆ ಬಿಸ್ಕತ್ತಿನ ಬದಲು ಒಂದು ಉಂಡೆ, ಒಂದು ಲೋಟ ಬಿಸಿ ಹಾಲು. ಆದರೆ ಬಿಸಿಲಿಗೆ ಬಂದು ಕೂತು ತಿನ್ನಿ. ತಿಂದ ಕೂಡಲೇ ಬೇಸರ ಹಾರಿಹೋಗುತ್ತದೆ ಎಂದೇನಲ್ಲ. ತುಪ್ಪ, ಕೊಬ್ಬರಿ, ಬಾದಾಮಿ ನಿಧಾನಕ್ಕೆ ಕರಗುವುದರಿಂದ ಬಹಳ ಹೊತ್ತು ಹೊಟ್ಟೆ ತಣ್ಣಗಿರುತ್ತದೆ, ಹಸಿವಿನ ಸಿಡುಕು ತಪ್ಪುತ್ತದೆ. ಎರಡು ವಾರವಾದರೂ ಮನಸ್ಸು ಕುಗ್ಗಿಯೇ ಇದ್ದರೆ ಉಂಡೆ ನೆಚ್ಚಿಕೊಂಡು ಕೂರಬೇಡಿ. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಉಂಡೆ ಹೊಂದುವುದಿಲ್ಲ, ಬೆಲ್ಲವೂ ಸಕ್ಕರೆಯೇ.

ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿ. ಒದ್ದೆ ಕೈ ಹಾಕದಿದ್ದರೆ ಮೂರು ವಾರ ಧಾರಾಳವಾಗಿ ಬರುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ, ತುಪ್ಪ ಹೆಪ್ಪುಗಟ್ಟಿ ಉಂಡೆ ಗಡುಸಾಗುತ್ತದೆ.