ಹಲಸಿನ ಬಾಡಿ, ಸಾಗುವಾನಿ ನೆಕ್: ಮೂರನೇ ಸಲಕ್ಕೆ ಕೈ ಹಿಡಿದ ನನ್ನ ಐದು ತಂತಿ ಬೇಸ್

ಮೊದ್ಲೇ ಹೇಳ್ಬಿಡ್ತೀನಿ, ನಾನೇ ಮಾಡಿದ ಬೇಸ್ ಗಿಟಾರಲ್ಲಿ ಸೌಂಡ್ ಬಂದಿದೆ. ಮೊನ್ನೆ ಪ್ರಾಕ್ಟೀಸ್ ರೂಮಲ್ಲಿ ಇಬ್ರು ಬೇಸ್ ನುಡಿಸೋರ ಕೈಗೆ ಕೊಟ್ಟು ಏನೂ ಹೇಳ್ದೆ ಮೂಲೇಲಿ ಕೂತಿದ್ದೆ, ಅದ್ರಲ್ಲಿ ಒಬ್ಬ "ಯಾವ ಆಶ್ ಗುರೂ ಇದು, ಎಲ್ಲಿಂದ ತರಿಸ್ದೆ" ಅಂದ (ಆಶ್ ಅಂದ್ರೆ ಗಿಟಾರ್‌ಗೆ ಹಾಕೋ ವಿದೇಶಿ ಮರ). ಎರಡು ವರ್ಷದ ಹಿಂದೆ ಇದೇ ಆಸಾಮಿ "ಹಲಸು ವೀಣೆಗೆ, ಮೃದಂಗಕ್ಕೆ ಸರಿ, ಬೇಸ್‌ಗೆ ಹಾಕಿದ್ರೆ ಅಕ್ಕಿ ಡಬ್ಬ ಬಡ್ದಂಗೆ ಕೇಳುತ್ತೆ" ಅಂತ ಎಲ್ಲರ ಮುಂದೆ ನಕ್ಕಿದ್ದು. ಹಲಸು ಕಣೋ ಅಂದಾಗ ಅವನ ಮುಖ ನೋಡ್ಬೇಕಿತ್ತು. ಈ ಬರಹಕ್ಕೆ ಅರ್ಧ ಕಾರಣ ಆ ಮುಖ.

ರೂಟರ್ (ಮರ ಕೊರೆಯೋ ಮಿಷನ್) ಹಿಡಿಯೋದು, ಫ್ರೆಟ್ (ತಂತಿ ಒತ್ತೋ ಕಡೆ ಇರೋ ಲೋಹದ ಅಡ್ಡ ಕಂಬಿ) ಬಡಿಯೋದು, ಸೋಲ್ಡರಿಂಗ್ ಇದೆಲ್ಲ ಬರುತ್ತೆ ಅಂತ ಅಂದ್ಕೊಂಡೇ ಬರೀತಿದೀನಿ. ಲೆಕ್ಕ ಎಲ್ಲ ನೆನಪಿಂದ, ನೂರು ಇನ್ನೂರು ಆಚೆ ಈಚೆ ಆಗಬಹುದು.

ಆಲ್ಡರ್, ಆಶ್ ತರದ ವಿದೇಶಿ ಮರಾನೇ ತರಿಸೋಣ ಅಂತ ಶುರುಲ್ಲಿ ನಾನೂ ವಿಚಾರಿಸಿದ್ದೆ. ಮರದ ರೇಟ್‌ಗಿಂತ ಸಾಗಣೆ, ಕಸ್ಟಮ್ಸ್ ಜಾಸ್ತಿ, ಒಂದು ಬಾಡಿಗೆ ಆಗೋ ಹಲಗೆ ಕೈಗೆ ಬರೋ ಹೊತ್ತಿಗೆ 14-15 ಸಾವಿರ. ಅದೇ ಮಳೆಗಾಲದಲ್ಲಿ ಸಾಗರದ ಹತ್ರ ನಮ್ಮನೆ ಹಿತ್ತಲಲ್ಲಿದ್ದ ಹಲಸಿನ ಮರ ಗಾಳಿಗೆ ಬಿತ್ತು, ಅಪ್ಪ ಅದನ್ನ ಕುಯ್ಯಿಸಿ ಹಲಗೆ ಮಾಡ್ಸಿದ್ರು, ಮಂಚ ಮಾಡ್ಸೋ ಪ್ಲಾನು. ನಾನು ಎರಡು ಇಂಚು ದಪ್ಪದ್ದು ನಾಲ್ಕು ಹಲಗೆ ಎತ್ತಿಟ್ಕೊಂಡೆ. ಕಾಸು ಇಲ್ಲ, ಕುಯ್ಯೋ ಕೂಲಿ 800 ಅಷ್ಟೆ.

ಫ್ರೀ ಸಿಕ್ಕಿದ್ದಕ್ಕೆ ತಡ್ಕೊಳೋಕೆ ಆಗ್ಲಿಲ್ಲ, ಅಲ್ಲೇ ಎಡವಿದ್ದು. ಮರದ ತೇವ ಅಳೆಯೋ ಮಾಯಿಶ್ಚರ್ ಮೀಟರ್ ಮೂವತ್ತು ಪರ್ಸೆಂಟ್ ಮೇಲೆ ತೋರಿಸ್ತಿತ್ತು, ಇಂಚು ದಪ್ಪಕ್ಕೊಂದು ವರ್ಷ ಅಂತ ಕಾಯೋದು ಯಾರು, ಅಡಿಕೆ ಒಣಗಿಸೋ ಡ್ರೈಯರ್ ಇತ್ತಲ್ಲ, ಎರಡು ಹಲಗೆ ಅದ್ರೊಳಗೆ ತುಂಬ್ದೆ. ಎರಡನೇ ದಿನ 18ಕ್ಕೆ ಬಂತು, ಖುಷಿ ಆದೆ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದ್ರೆ ಹಲಗೆ ಎರಡೂ ತುದೀಲಿ ಬೆರಳು ತೂರೋಷ್ಟು ಸೀಳು, ಮಧ್ಯ ದೋಣಿ ತರ ಬಗ್ಗಿದೆ. ಹೊರಗಡೆ ಒಣಗಿ ಬಿಗಿದು ಒಳಗಡೆ ಹಸಿ ಉಳಿದ್ರೆ ಇನ್ನೇನಾಗುತ್ತೆ. ನಮ್ಮನೆಗೆ ಬರೋ ಆಚಾರ್ರು ಅದನ್ನ ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ "ಅಡಿಕೆ ಚೆನ್ನಾಗಿ ಒಣಗಿದೆ ಮಾರಾಯ" ಅಂದ್ರು. ಉಳಿದ ಎರಡನ್ನ ಅವರೇ ತುದಿಗೆ ಪೇಂಟ್ ಬಳಿದು, ಮಧ್ಯ ಮಧ್ಯ ರೀಪರ್ ಚೂರು ಕೊಟ್ಟು, ಅಡುಗೆ ಮನೆ ಅಟ್ಟದ ಮೇಲೆ ಜೋಡಿಸಿದ್ರು. ಎರಡೂವರೆ ವರ್ಷ ಅಲ್ಲೇ ಇತ್ತು. ಇಳಿಸಿದಾಗ ಮೀಟರ್ 11.

ಆ ಸೀಳಿದ ಹಲಗೇಲೇ ಒಳ್ಳೆ ಭಾಗ ನೋಡಿ ಮೂರು ತುಂಡು ಅಂಟಿಸಿ ಮೊದಲನೇ ಬಾಡಿ ಮಾಡ್ದೆ ಬಿಡಿ, ಹಠ. ಅದಕ್ಕೆ ಸಿಲ್ವರ್ ಓಕ್ ನೆಕ್ (ತಂತಿ ಒತ್ತೋ ಉದ್ದನೆ ಹಿಡಿ). ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸ್ತಾರಲ್ಲ ಅದೇ ಮರ, ಸರಿಯಾಗಿ ಕ್ವಾರ್ಟರ್ (ತಿರುಳಿಂದ ಹೊರಕ್ಕೆ) ಕುಯ್ದ್ರೆ ಹಾವಿನ ಚರ್ಮದ ತರ ಹೊಳೆಯೋ ಗುರುತು, ನೋಡೋಕೆ ಏನ್ ಚೆಂದ ಅಂತೀರಿ. ಆದ್ರೆ ಮೆತ್ತಗೆ. ಐದು ತಂತಿ ಸೇರಿದ್ರೆ ಸುಮಾರು 80-90 ಕೆಜಿ ಎಳೆತ, ತಂತಿ ಹಾಕಿ ಟ್ಯೂನ್ ಮಾಡಿ ಮಲ್ಕೊಂಡೆ, ಬೆಳಿಗ್ಗೆ ಎಲ್ಲ ತಂತೀನೂ ಅರ್ಧ ಸ್ವರ ಇಳಿದಿದೆ. ನೆಕ್ ಬಾಗಿದ್ದನ್ನ ಸರಿ ಮಾಡೋ ಒಳಗಿನ ಸರಳು, ಟ್ರಸ್ ರಾಡ್, ಅದನ್ನ ಕೊನೇವರೆಗೂ ತಿರುಗಿಸಿದ್ರೂ ನೆಕ್ ಬಾಗಿ ಏಳನೇ ಫ್ರೆಟ್ ಹತ್ರ ತಂತಿಗೆ 2 ಮಿಮೀ ಗ್ಯಾಪ್. ನಮಗೆ ಬೇಕಾಗಿರೋದು 0.3, ಹೆಚ್ಚಂದ್ರೆ 0.4. ಅಲ್ಲಿಗೆ ಒಂದನೇ ನಂಬರ್ ಮುಗೀತು, ಸುಮಾರು ಹತ್ತು ಸಾವಿರ ಹೋಯ್ತು, ಅದ್ರಲ್ಲಿ ಪಿಕಪ್ (ತಂತಿ ಅದುರೋದನ್ನ ಸಿಗ್ನಲ್ ಮಾಡೋ ಮ್ಯಾಗ್ನೆಟ್ ಸುರುಳಿ) ಕಥೆ ಬೇರೆ ಇದೆ, ಆಮೇಲೆ ಹೇಳ್ತೀನಿ.

ಎರಡನೇ ನೆಕ್‌ಗೆ ಸಾಗುವಾನಿ. ಹೊಸಾದು ಬೇಡ ಅಂತ ಹಳೇ ಮನೆ ಕೆಡವೋ ಕಡೆ ಹೋಗಿ ಬಾಗಿಲ ದಾರಂದ ತಂದೆ, ಎಷ್ಟೋ ದಶಕ ಒಣಗಿದ ಮರ, ಎಳೆ ನೇರ, 3,500 ಕೊಟ್ಟೆ. ಮಿಲ್ಲಿಗೆ ತಗೊಂಡೋಗೋ ಮುಂಚೆ ಮೊಳೆ ಎಲ್ಲ ಕಿತ್ತಿದೀನಿ ಅಂತ ಧೈರ್ಯವಾಗಿ ಹೇಳ್ದೆ. ಪ್ಲೇನರ್‌ಗೆ ಕೊಟ್ಟು ಹತ್ತು ಸೆಕೆಂಡ್ ಆಗಿರ್ಲಿಲ್ಲ, ಟಣ್ ಅಂತು, ಕಿಡಿ ಹಾರ್ತು. ತಲೆ ಮುರಿದ ಕಮ್ಮಾರನ ಮೊಳೆ, ಮೇಲಿಂದ ಕಾಣ್ತಾನೇ ಇರ್ಲಿಲ್ಲ. ಬ್ಲೇಡಿಗೆ 1,200 ಕಕ್ಕಿದೆ. ಈಗ ಸ್ಪೀಕರ್ ಮ್ಯಾಗ್ನೆಟ್ ಒಂದನ್ನ ದಾರದಲ್ಲಿ ಕಟ್ಟಿ ಮರದ ಮೇಲೆಲ್ಲ ಓಡಾಡಿಸಿಯೇ ಮಿಲ್ಲಿಗೆ ಹೋಗೋದು.

ಸಾಗುವಾನಿಗೆ ಎಣ್ಣೆ ಅಂಶ ಇದೆ ಅಂತ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು, ಆದ್ರೂ ಬಡಗಿ ಬಿಳಿ ಅಂಟಲ್ಲೇ ಫ್ರೆಟ್‌ಬೋರ್ಡ್ (ಫ್ರೆಟ್ ಕೂರೋ ಮೇಲಿನ ಪಟ್ಟಿ) ಕೂರಿಸ್ದೆ. ಏಪ್ರಿಲ್ ತಿಂಗಳು ಬೈಕಲ್ಲಿ ಬ್ಯಾಗ್ ಹಾಕ್ಕೊಂಡು ಬೆಂಗಳೂರಿಂದ ತುಮಕೂರಿಗೆ ಹೋಗಿದ್ದೆ ಅಷ್ಟೇ, ಬಿಚ್ಚಿದ್ರೆ ನಟ್ (ನೆಕ್ ಮೇಲ್ತುದೀಲಿ ತಂತಿ ಕೂರೋ ಪಟ್ಟಿ) ಕಡೆ ಒಂದು ಎಟಿಎಂ ಕಾರ್ಡ್ ತೂರೋಷ್ಟು ಬಾಯಿ ಬಿಟ್ಟಿದೆ. ಮೂರನೇ ಸಲ ಅಸಿಟೋನ್ ಬಟ್ಟೆಲಿ ಒರೆಸಿ, ಬಟ್ಟೆ ಹಳದಿ ಬರೋದು ನಿಲ್ಲೋವರೆಗೂ ಒರೆಸಿ, ಹದಿನೈದು ನಿಮಿಷದೊಳಗೆ ಎಪಾಕ್ಸಿ ಹಾಕಿ ಕ್ಲಾಂಪ್ ಮಾಡ್ದೆ. ಕ್ಲಾಂಪ್ ತೀರಾ ಬಿಗೀಬೇಡಿ, ಎಪಾಕ್ಸಿ ಎಲ್ಲ ಹೊರಗೆ ಬಂದ್ಬಿಡುತ್ತೆ.

ಆದ್ರೆ ಎರಡನೇ ನೆಕ್ಕಿನ ಅಸಲಿ ರೋಗ ಅಂಟಲ್ಲ, ಡೆಡ್ ಸ್ಪಾಟ್. ಜಿ ತಂತಿ ಆರನೇ ಫ್ರೆಟ್ ಒತ್ತಿದ್ರೆ ಡಪ್ ಅಂತ ಎರಡು ಸೆಕೆಂಡಲ್ಲಿ ಸಾಯೋದು, ಅಕ್ಕಪಕ್ಕದವು ಹತ್ತು ಸೆಕೆಂಡ್ ಹಾಡ್ತವೆ. ಬಾಡಿ ಹಲಸು ಅಲ್ವಾ ಅದಕ್ಕೇ ಅಂತ ಎಲ್ಲಾ ಶುರು ಹಚ್ಕೊಂಡ್ರು. ನನಗೂ ಒಂದು ವಾರ ಹಾಗೇ ಅನ್ಸಿತ್ತು. ಒಂದು ರಾತ್ರಿ ಸುಮ್ನೆ ಬಡಗಿ ಸಿ-ಕ್ಲಾಂಪ್ ಒಂದನ್ನ ಚಪ್ಪಲಿ ರಬ್ಬರ್ ತುಂಡು ಇಟ್ಟು ನೆಕ್ ತುದಿಯ ತಲೆಗೆ, ಅಂದ್ರೆ ಹೆಡ್‌ಸ್ಟಾಕ್‌ಗೆ, ಕಚ್ಚಿಸಿ ನುಡಿಸ್ದೆ, ಆರನೇ ಫ್ರೆಟ್ ಜೀವ ಬಂತು, ಸತ್ತ ಜಾಗ ನಾಲ್ಕಕ್ಕೆ ಓಡಿತ್ತು! ಕ್ಲಾಂಪ್ ಬಿಚ್ಚಿದ್ರೆ ವಾಪಸ್ ಆರಕ್ಕೆ. ಅಂದ್ರೆ ನೆಕ್ ಆ ಸ್ವರಕ್ಕೆ ತಾನೂ ಅಲ್ಲಾಡಿ ತಂತಿ ಶಕ್ತಿ ತಿಂತಾ ಇತ್ತು, ಬಾಡಿ ಪಾಪ ಸುಮ್ನೆ ಬೈಸ್ಕೊಳ್ತಿತ್ತು.

ಮೂರನೇ ನೆಕ್ಕಿಗೆ ದಾರಂದದಲ್ಲಿ ಉಳಿದಿದ್ದನ್ನೇ ಮೂರು ಪಟ್ಟಿ ಸೀಳಿ, ಮಧ್ಯದ ಪಟ್ಟಿ ತಿರುಗಿಸಿ, ನಡುವೆ ಎರಡು ಬೀಟೆ ಎಳೆ ಕೊಟ್ಟು ಐದು ಪದರ ಮಾಡ್ದೆ, ಟ್ರಸ್ ರಾಡ್ ಆಚೆ ಈಚೆ ಎರಡು ಕಾರ್ಬನ್ ಫೈಬರ್ ಪಟ್ಟಿ. ಇದು ಡ್ರೋನ್ ಸಾಮಾನು ಮಾರೋರ ಹತ್ರ ಸಿಗುತ್ತೆ, ಗಿಟಾರ್ ಸಾಮಾನು ಅಂತ ಕೇಳಿದ್ರೆ ಮೂರು ಪಟ್ಟು ರೇಟು. ಬೀಟೆ ಅಂದ್ರೆ ಪಾಸು, ಪರ್ಮಿಟ್ಟು ಅಂತ ತಲೆನೋವಿದೆ, ನನಗೆ ಮೈಸೂರಲ್ಲಿ ಇನ್‌ಲೇ ಕೆಲಸ ಮಾಡೋ ಒಬ್ರು ಹಿರಿಯರು ತಮ್ಮ ಹತ್ರ ಬಿಲ್ ಸಮೇತ ಇದ್ದ ಹಳೇ ತುಂಡಲ್ಲಿ ಫ್ರೆಟ್‌ಬೋರ್ಡ್‌ಗೂ ಸೇರಿಸಿ ಕುಯ್ದು ಕೊಟ್ರು. ದುಡ್ಡು ತಗೊಳ್ಳಲ್ಲ ಅಂದ್ರು, ಬಲವಂತ ಮಾಡಿ ಕೊಟ್ಟೆ. ಸ್ಕೇಲ್ (ತಂತಿ ಅದುರೋ ಉದ್ದ) 34 ಇಂಚೇ ಇಟ್ಟೆ, ನಟ್ಟಿಂದ ಮೊದಲ ಫ್ರೆಟ್ 48.5 ಮಿಮೀ. ದಪ್ಪನೆ ಬಿ ತಂತಿಗೆ 35 ಇಂಚು ಬೇಕೇ ಬೇಕು ಅಂತ ವಾದ ಮಾಡೋರು ಒಂದ್ಸಲ ಇದನ್ನ ಬಂದು ನುಡಿಸಿ, 31 ಹರ್ಟ್ಸ್ ಹತ್ರ ಇರೋ ಬಿ ಕೂಡ ಜೋತು ಬೀಳದೆ ನಿಲ್ಲುತ್ತೆ. ಡೆಡ್ ಸ್ಪಾಟ್ ಪೂರ್ತಿ ಹೋಯ್ತಾ ಅಂದ್ರೆ ಇಲ್ಲ, ಐದನೇ ಫ್ರೆಟ್ ಹತ್ರ ಹುಡುಕಿದ್ರೆ ಸಿಗುತ್ತೆ, ಹಾಡಿನ ಮಧ್ಯ ಯಾರಿಗೂ ಗೊತ್ತಾಗಲ್ಲ.

ಬಾಡಿ ಮರದ ಬಗ್ಗೆ ನನ್ನ ತೀರ್ಮಾನ ಕೆಲವರಿಗೆ ಹಿಡಿಸಲ್ಲ. ಇದೇ ನೆಕ್, ಇದೇ ಪಿಕಪ್ಪನ್ನ ಮಿಕ್ಕಿದ್ದ ಸಿಲ್ವರ್ ಓಕ್ ಹಲಗೇಲಿ ಒರಟಾಗಿ ಕುಯ್ದ ಬಾಡಿಗೆ ಬೋಲ್ಟ್ ಮಾಡಿ, ಅದೇ ತಂತಿ, ಬ್ರಿಡ್ಜಿಂದ (ಬಾಡಿ ಕಡೆ ತಂತಿ ಕಟ್ಟೋ ಜಾಗ) ಪಿಕಪ್ ದೂರ ಅಷ್ಟೇ ಇಟ್ಟು ರೆಕಾರ್ಡ್ ಮಾಡ್ದೆ. ಮಾರನೇ ದಿನ ಫೈಲ್ ಹೆಸರು ಮುಚ್ಚಿ ಕೇಳಿದ್ರೆ ಹತ್ತರಲ್ಲಿ ಆರು ಸರಿ ಹೇಳ್ದೆ, ನಾಣ್ಯ ಚಿಮ್ಮಿದ್ರೂ ಐದು ಬರುತ್ತಲ್ಲ. ಹೆಗಲ ಮೇಲೆ ಹಾಕ್ಕೊಂಡಾಗ ಮಾತ್ರ ತಕ್ಷಣ ಗೊತ್ತಾಗುತ್ತೆ. ಹಲಸು ಆರಿಸೋದು ತೂಕ, ಸ್ಕ್ರೂ ಹಿಡಿಯೋ ಗಟ್ಟಿತನ, ಬಣ್ಣ ಇದಕ್ಕೆ. ತಿರುಳು ಮಾತ್ರ ತಗೊಳ್ಳಿ, ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತೆ. ರೂಟರ್ ಹೊಡೆದಾಗ ಅರಿಶಿನದ ತರ ಪುಡಿ, ಬಿಳಿ ಬನಿಯನ್ ಒಂದು ಪರ್ಮನೆಂಟ್ ಹಳದಿ ಆಯ್ತು. ಆ ನಿಂಬೆ ಹಳದಿ ಒಂದು ವರ್ಷ ಬೆಳಕು ಕಂಡ ಮೇಲೆ ಜೇನಿನ ಬಣ್ಣಕ್ಕೆ ತಿರುಗ್ತಿದೆ. ಪಿಯು (ಪಾಲಿಯುರೆಥೇನ್) ಮ್ಯಾಟ್ ಪಾಲಿಶ್ ಹೊಡೆಸಿದೀನಿ, ಅರಗಿನ ಪಾಲಿಶ್ ಬೆವರಿಗೆ ಅಂಟಂಟಾಯ್ತು. ಒಟ್ಟು 4.3 ಕೆಜಿ.

ಈಗ ಪಿಕಪ್. ಮೊದಲನೇ ಬೇಸಿಗೆ ಆನ್‌ಲೈನಲ್ಲಿ ಒಂದು ಕಡೆ "ಆಲ್ನಿಕೋ 5" ಮ್ಯಾಗ್ನೆಟ್ ಅಂತ ಹೇಳಿ ಮಾರ್ತಿದ್ದ, ಫೆಂಡರ್ ಕಂಪನಿ ಜಾಝ್ ಬೇಸ್ ತರದ ಪಿಕಪ್ ಜೋಡಿ 4,200ಕ್ಕೆ ತಗೊಂಡೆ. ಸೌಂಡ್ ಒಂಥರಾ ಗಂಟಲು ಕಟ್ಟಿದಂಗೆ. ಬಿಚ್ಚಿ ನೋಡಿದ್ರೆ ಕಬ್ಬಿಣದ ಕಂಬಿ, ಕೆಳಗೆ ಕಪ್ಪು ಸೆರಾಮಿಕ್ ಮ್ಯಾಗ್ನೆಟ್ ಪಟ್ಟಿ. ಸೆರಾಮಿಕ್ ಕೆಟ್ಟದ್ದಲ್ಲ, ಸುಳ್ಳು ಹೇಳಿ ಮಾರಿದ್ದು ಕೆಟ್ಟದ್ದು. ವಾಪಸ್ ತಗೊಳ್ಳಲಿಲ್ಲ. ಕೋಪಕ್ಕೆ ನಾನೇ ಸುತ್ತೋಣ ಅಂತ ಹೊರಟೆ. ನಮ್ಮಲ್ಲಿ ವೈರ್ ಅಂಗಡೀಲಿ ಎಡಬ್ಲ್ಯೂಜಿ 42 (ವೈರ್ ದಪ್ಪದ ಅಮೆರಿಕನ್ ಅಳತೆ) ಅಂದ್ರೆ ಮುಖ ನೋಡ್ತಾರೆ, ಎಸ್‌ಡಬ್ಲ್ಯೂಜಿ 46 (ಬ್ರಿಟಿಷ್ ಅಳತೆ) ಕೇಳಿ, ಹತ್ತತ್ರ ಅದೇ ದಪ್ಪ. ಹೊಲಿಗೆ ಮಿಷನ್ ಮೋಟರ್, ಸುತ್ತು ಎಣಿಸೋಕೆ ಅಜ್ಜನ ಕಾಲದ ಕ್ಯಾಲ್ಕುಲೇಟರ್, ಅದರ ಸಮ ಚಿಹ್ನೆ ಬಟನ್‌ಗೆ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ರ ಬಂದ್ರೆ ಆನ್ ಆಗೋದು) ಎಳೆದು ತಿರುಗೋ ಚಕ್ರಕ್ಕೆ ಮ್ಯಾಗ್ನೆಟ್ ಅಂಟಿಸಿದ್ರೆ ಒಂದು ಕೂಡು ಒಂದು ಅಂತ ತಾನೇ ಎಣಿಸ್ಕೊಂಡು ಹೋಗುತ್ತೆ. ಸ್ಪೀಡ್ ಜಾಸ್ತಿ ಮಾಡಿದ್ರೆ ಎಣಿಕೆ ತಪ್ಪುತ್ತೆ. ಏಳೂವರೆ ಸಾವಿರ ಸುತ್ತು ಗುರಿ, ಐದು ಸಾವಿರದ ಮೇಲೆ ಫ್ಯಾನ್ ಗಾಳಿಗೆ ವೈರ್ ಕಟ್. ಮೂರು ಸಲ ಕಟ್. ನಾಲ್ಕನೇದು ಬಂತು, 7.3 ಕಿಲೋ ಓಮ್, ಚೆನ್ನಾಗೇ ಇದೆ, ಅದಕ್ಕೆ ಜೋಡಿ ಮಾಡೋ ತಾಳ್ಮೆ ಉಳಿದಿರ್ಲಿಲ್ಲ. ಕೊನೆಗೆ ಪರಿಚಯದವರು ವಿದೇಶದಿಂದ ಬರುವಾಗ ಒಂದು ಜೋಡಿ ತರಿಸ್ದೆ, 11 ಸಾವಿರ.

ಪಿಕಪ್ ಯಾವ್ದು ಅನ್ನೋದಕ್ಕಿಂತ ಎಲ್ಲಿ ಕೂರಿಸ್ತೀರಿ ಅನ್ನೋದು ದೊಡ್ಡದು. ಫೆಂಡರ್ ಜಾಝ್ ಬೇಸ್ 1960ರಲ್ಲಿ ಬಂದಾಗ ಎರಡು ಪಿಕಪ್ ನಡುವೆ 3.6 ಇಂಚು, ಎಪ್ಪತ್ತರ ದಶಕದಲ್ಲಿ ಬ್ರಿಡ್ಜ್ ಕಡೆಗೆ ಸರಿಸಿ 4 ಇಂಚು ಮಾಡಿದ್ರು, ಹತ್ತು ಮಿಮೀ ಅಷ್ಟೆ, ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿ ಬಡಿಯೋದು) ಹೊಡೆದ್ರೆ ಬೇರೆ ವಾದ್ಯ. ನಾನು ಒಂದು ಹಲಗೆಗೆ ನೆಕ್ ಕಟ್ಟಿ, ತಂತಿ ಕೆಳಗೆ ಡ್ರಾಯರ್ ಚಾನೆಲ್ ಮೇಲೆ ಪಿಕಪ್ ಇಟ್ಟು ಆಚೆ ಈಚೆ ತಳ್ಳಿ ತಳ್ಳಿ ಜಾಗ ಹಿಡಿದಿದ್ದು. ಎಷ್ಟಕ್ಕೆ ನಿಲ್ಲಿಸ್ದೆ ಅಂತ ಹೇಳಲ್ಲ, ಕ್ಷಮಿಸಿ, ಅದು ಎರಡು ವಾರದ ನಿದ್ದೆ. ಚಾನೆಲ್ 180 ರೂಪಾಯಿ, ನೀವೂ ಹುಡುಕ್ಕೊಳ್ಳಿ.

ಪ್ರೀಆಂಪ್ (ಪಿಕಪ್ ಸಿಗ್ನಲ್ ಎತ್ತೋ ಚಿಕ್ಕ ಸರ್ಕ್ಯೂಟ್) ನಾನೇ ಬೆಂಗಳೂರು ಎಸ್.ಪಿ. ರೋಡ್ ಸಾಮಾನಲ್ಲಿ ಮಾಡಿದ್ದು, ಎರಡು ಬ್ಯಾಂಡ್, ಬಾಸ್ ಟ್ರೆಬಲ್ ಎತ್ತಿ ಇಳಿಸೋ ಮಾಮೂಲಿ ಬ್ಯಾಕ್ಸಂಡಾಲ್ ಸರ್ಕ್ಯೂಟ್. ಮೊದಲು ಟಿಎಲ್072 ಚಿಪ್ ಹಾಕಿದ್ದೆ, ಸದ್ದಿಲ್ಲದೆ ಕ್ಲೀನಾಗಿದೆ, ಆದ್ರೆ ಮೂರು ಮಿಲಿಆಂಪ್ ಹತ್ರ ಕುಡಿಯುತ್ತೆ, ಕೇಬಲ್ ಚುಚ್ಚಿಟ್ಟು ಮರೆತು ಊರಿಗೆ ಹೋದ್ರೆ ಬರೋದ್ರೊಳಗೆ ಬ್ಯಾಟರಿ ಖಾಲಿ. ಟಿಎಲ್062 ಹಾಕಿದ್ರೆ ಅರ್ಧ ಮಿಲಿಆಂಪೂ ಬೇಡ, ಟ್ರೆಬಲ್ ಪೂರ್ತಿ ಎತ್ತಿದ್ರೆ ಸ್ವಲ್ಪ ಉಸ್ ಅನ್ನುತ್ತೆ, ಅಷ್ಟು ಎತ್ತೋನು ನಾನಲ್ಲ. ವಾಲ್ಯೂಮ್ 250ಕೆ ಪಾಟ್‌ಗಳನ್ನ (ತಿರುಗಿಸೋ ಕಂಟ್ರೋಲ್) ಪ್ರೀಆಂಪ್‌ಗೆ ಮುಂಚೆ ಇಟ್ಟಿದೀನಿ, ಬ್ಯಾಟರಿ ಸತ್ರೂ ಸ್ವಿಚ್ ತಳ್ಳಿ ಪ್ಯಾಸಿವಲ್ಲಿ, ಅಂದ್ರೆ ಪ್ರೀಆಂಪ್ ಇಲ್ದೆ, ಪ್ರೋಗ್ರಾಂ ಮುಗಿಸಬಹುದು, ಒಂದು ಮದುವೆ ರಿಸೆಪ್ಷನಲ್ಲಿ ಹಾಗೇ ಮಾನ ಉಳೀತು. ಬಾಸ್ ಬೂಸ್ಟ್ ಎಷ್ಟು ಹರ್ಟ್ಸ್ ಹತ್ರ ಶುರು ಆಗಬೇಕು ಅಂತ ಒಂದು ಕೆಪಾಸಿಟರ್ ವ್ಯಾಲ್ಯೂ ಬದಲಾಯಿಸಿದೀನಿ, ಅದೂ ನನ್ನ ಹತ್ರಾನೇ ಇರ್ಲಿ.

ಟೋನ್ ಕೆಪಾಸಿಟರ್ ಅಂದಾಗ ನೆನಪಾಯ್ತು. ಸ್ನೇಹಿತರೊಬ್ರು 600 ರೂಪಾಯಿ ಹಳೇ ಕಾಲದ್ದು ಅಂತ ಒಂದು 0.047 ಮೈಕ್ರೋಫ್ಯಾರಡ್‌ದು ಕೊಟ್ಟಿದ್ರು. ಅದನ್ನೂ, ಐದು ರೂಪಾಯಿ ಹಸಿರು ಪಾಲಿಯೆಸ್ಟರನ್ನೂ ಮೀಟರಲ್ಲಿ ಒಂದೇ ವ್ಯಾಲ್ಯೂ ಬರೋದು ಆರಿಸಿ ಸ್ವಿಚ್ಚಿಗೆ ಹಾಕಿ, ತಂಗಿ ಕೈಗೆ ಸ್ವಿಚ್ ಕೊಟ್ಟು ಆ ಸ್ನೇಹಿತರನ್ನೇ ಆಚೆ ತಿರುಗಿಸಿ ಕೂರಿಸ್ದೆ. ಮೂರು ಸಲ ಬಿಸಿಬಿಸಿ ಚರ್ಚೆ ಮಾಡಿ "ಇದು ಬೆಚ್ಚಗಿದೆ, ಇದು ಹಳೇದು" ಅಂತ ಆರಿಸಿದ್ದು ಹಸಿರುದ್ದನ್ನ. ನಾಲ್ಕನೇ ಸಲ ತಂಗಿ ಸ್ವಿಚ್ಚೇ ಒತ್ತಿರ್ಲಿಲ್ಲ, ಆದ್ರೂ ವ್ಯತ್ಯಾಸ ಕೇಳ್ಸಿತ್ತು ಅವರಿಗೆ. ಈಗ ಒಳಗಿರೋದು ಐದು ರೂಪಾಯಿದೇ.

ಗುಂಯ್ ಅನ್ನೋ ಹಮ್ ಬಗ್ಗೆ ಉದ್ದಕ್ಕೆ ಬರೆಯಲ್ಲ. ಪಿಕಪ್, ವೈರ್ ಕೂರೋ ಗುಂಡಿಗೆ (ಕ್ಯಾವಿಟಿ) ತಾಮ್ರದ ಟೇಪ್ ಹಾಕಿ, ಜೋಡಣೆ ಮೇಲೆಲ್ಲ ಒಂದು ಚುಕ್ಕಿ ಬೆಸುಗೆ ಇಡಿ, ಬ್ರಿಡ್ಜಿಂದ ಅರ್ತ್ ವೈರ್ ಮರೀಬೇಡಿ. ನಾನು ಮರೆತು ಮೂರು ಸಂಜೆ ಪಿಕಪ್ ಬೈದೆ.

ಮೂರನೇದಕ್ಕೆ ಆದ ಖರ್ಚು ಸುಮಾರಾಗಿ, ಸಾವಿರದ ಲೆಕ್ಕದಲ್ಲಿ: ಪಿಕಪ್ 11, ಬ್ರಿಡ್ಜ್ ಮತ್ತು ಹಗುರ ಟ್ಯೂನರ್ 9, ಸಾಗುವಾನಿ ಮೂರೂವರೆ, ರಾಡ್, ಕಾರ್ಬನ್, ಫ್ರೆಟ್ ಎಲ್ಲ ನಾಲ್ಕು, ಎಲೆಕ್ಟ್ರಾನಿಕ್ಸ್ ಎರಡೂವರೆ, ಪಿಯು ಒಂದೂವರೆ, ಹಲಗೆ ಕುಯ್ದಿದ್ದು 800 ರೂಪಾಯಿ. ಮೂವತ್ತೆರಡು ಸಾವಿರ ಚಿಲ್ರೆ. ಅದಕ್ಕೂ ಮುಂಚೆ ಕೈಬಿಟ್ಟಿದ್ದು ಇಪ್ಪತ್ತೈದರ ಹತ್ರ, ಅದನ್ನ ಮನೇಲಿ ಹೇಳಿಲ್ಲ.

ಅಟ್ಟದ ಮೇಲೆ ಇನ್ನೊಂದು ಹಲಗೆ ಉಳಿದಿದೆ. ಆಶ್ ಅಂದಿದ್ದನಲ್ಲ, ಅವನೇ ಈಗ ನನಗೊಂದು ಮಾಡ್ಕೊಡು ಅಂತ ದಿನಾ ಫೋನ್ ಮಾಡ್ತಿದಾನೆ. ಊರಿಗೆ ಫೋನ್ ಮಾಡಿ ಕೇಳಿದ್ರೆ ಅಮ್ಮ ಅದರ ಮೇಲೆ ಹಲಸಿನ ಹಪ್ಪಳದ ಡಬ್ಬ ಜೋಡಿಸಿಟ್ಟಿದೀನಿ, ಮಳೆಗಾಲ ಮುಗಿಯೋವರೆಗೂ ಮುಟ್ಬೇಡ ಅಂದ್ರು.