ಪರಸಿ ಗೂಡಿನ ಸಂದಿಯಲ್ಲಿ ಕೆಂಪು ನುಸಿ

ಕತ್ತಲಾಗುತ್ತಿದ್ದರೂ ಕೋಳಿಗಳು ಗೂಡಿನೊಳಗೆ ಹೋಗದೆ ಬೇವಿನ ಕೊಂಬೆಗೋ ಕಾಂಪೌಂಡ್ ಗೋಡೆಗೋ ಹಾರಿ ಕೂರುತ್ತಿದ್ದರೆ, ಗೂಡಿನಲ್ಲಿ ಏನೋ ಇದೆ ಎಂದೇ ತಿಳಿಯಬೇಕು. ಹಾವು ಹೊಕ್ಕಿರಬಹುದು, ಮುಂಗುಸಿ ಸುಳಿದಿರಬಹುದು. ನಮ್ಮ ಮನೆಯಲ್ಲಿ ಇದ್ದದ್ದು ನುಸಿ, ಕೋಳಿಯ ರಕ್ತ ಕುಡಿಯುವ ಸಣ್ಣ ಹುಳ.

ನಮ್ಮದು ಚಿತ್ತಾಪುರ ತಾಲ್ಲೂಕಿನ ಹಳ್ಳಿ, ಶಹಾಬಾದ್ ಕಲ್ಲಿನ ಸೀಮೆ. ಆ ಕಲ್ಲಿನ ಚಪ್ಪಡಿಗೆ ನಾವು ಪರಸಿ ಎನ್ನುತ್ತೇವೆ. ನೆಲಕ್ಕೂ ಪರಸಿ, ಗೋಡೆಗೂ ಪರಸಿ, ಹಳೇ ಮನೆಗಳ ಮಾಳಿಗೆಗೂ ಪರಸಿ. ಕೋಳಿ ಗೂಡೂ ಅದರದ್ದೇ. ಒಡೆದ ಕಲ್ಲುಗಳನ್ನು ಮಣ್ಣಿನಲ್ಲಿ ಜೋಡಿಸಿ, ಮೇಲೆ ಒಂದು ದೊಡ್ಡ ಪರಸಿ ಹೊದಿಸಿದರೆ ಆಯಿತು. ಗಟ್ಟಿ, ತಂಪು, ನಾಯಿ ಬೆಕ್ಕಿನ ಕಾಟವಿಲ್ಲ. ಆದರೆ ಮಣ್ಣು ಉದುರಿದ ಕಡೆಯೆಲ್ಲ ಸಂದಿ ಬೀಳುತ್ತದೆ. ನುಸಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ?

ಶುರುವಾದದ್ದು ಶ್ರಾವಣದ ಮಳೆಯಲ್ಲಿ. ಮೊದಲು ತತ್ತಿ ಕಡಿಮೆಯಾದವು. ಮಳೆಗಾಲ, ಹಾಗೇ ಆಗುತ್ತದೆ ಎಂದುಕೊಂಡೆವು. ಆಮೇಲೆ ಕಾವಿಗೆ ಕೂತಿದ್ದ ಹೇಂಟೆ ಬುಟ್ಟಿ ಬಿಟ್ಟು ಎದ್ದು ಬಂತು. ಜವಾರಿ ಹೇಂಟೆ ಸುಮ್ಮನೆ ಕಾವು ಬಿಡುವುದಿಲ್ಲ. ಜುಟ್ಟಿನ ಕೆಂಪು ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ತತ್ತಿ ತೆಗೆಯಲು ಕೈ ಹಾಕಿದರೆ ಮೊಳಕೈತನಕ ಏನೋ ಹರಿದಾಡಿದ ಹಾಗೆ ತುರಿಕೆ. ತತ್ತಿಯ ಮೇಲೆ ಸಣ್ಣ ಸಣ್ಣ ಕೆಂಪು ಕಲೆ ಬೇರೆ.

ಪಕ್ಕದ ಮನೆಯ ಆಯಿ ಬಂದು ನೋಡಿ, "ಬೂದಿ ಹಚ್ಚು ಯವ್ವಾ, ಹೋಗ್ತಾವ" ಎಂದರು. ಹಗಲಲ್ಲಿ ಕೋಳಿ ಹಿಡಿದು ರೆಕ್ಕೆ ಕೆಳಗೆ, ಬಾಲದ ಬುಡದಲ್ಲಿ ಪುಕ್ಕ ಬಿಡಿಸಿ ನೋಡಿದೆವು. ಒಂದು ಹುಳವೂ ಕಾಣಲಿಲ್ಲ. ಪಶು ಆಸ್ಪತ್ರೆಯ ಡಾಕ್ಟರ್‌ಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ರಾತ್ರಿ ನೋಡಿದ್ರೇನಮ್ಮ?"

ರಾತ್ರಿ ಊಟ ಮುಗಿದ ಮೇಲೆ ಬಿಳಿ ಬಟ್ಟೆ ಮತ್ತು ಬ್ಯಾಟರಿ ಹಿಡಿದು ಹೋದೆ. ಕೋಳಿ ಕೂರುವ ಗಳದ ಅಡಿಭಾಗಕ್ಕೆ ಬಟ್ಟೆ ಒತ್ತಿ ಎಳೆದೆ. ಬಟ್ಟೆ ತುಂಬ ರಕ್ತದ ಗೆರೆ. ಗಳದ ತುದಿ ಗೋಡೆಗೆ ಸೇರುವ ತೂತಿನಲ್ಲಿ ನುಸಿಗಳು ರಾಶಿರಾಶಿ ಕೂತಿದ್ದವು. ಹಗಲಲ್ಲಿ ಅದೇ ಜಾಗದಲ್ಲಿ ಉಪ್ಪು ಮೆಣಸಿನಪುಡಿ ಬೆರೆಸಿ ಚೆಲ್ಲಿದಂತೆ ಬೂದು ಬಣ್ಣದ ಪುಡಿ ಮಾತ್ರ ಇರುತ್ತದೆ. ಅದು ನುಸಿ ಕಳಚಿದ ಪೊರೆ ಮತ್ತು ಹಿಕ್ಕೆ. ಅದನ್ನು ನಾನು ದಿನಾ ಗುಡಿಸುತ್ತಿದ್ದೆ!

ಕೆಂಪು ನುಸಿಯ ರೀತಿಯೇ ಇದು. ವಿಜ್ಞಾನದಲ್ಲಿ ಅದನ್ನು ಡರ್ಮನಿಸ್ಸಸ್ ಗ್ಯಾಲಿನೆ ಎನ್ನುತ್ತಾರೆ. ಉದ್ದ ಒಂದು ಮಿಲಿಮೀಟರ್‌ನ ಒಳಗೆ. ಹಸಿದಾಗ ಬೂದು ಬಣ್ಣ, ರಕ್ತ ಕುಡಿದ ಮೇಲೆ ಕೆಂಪು. ಹಗಲೆಲ್ಲ ಸಂದಿಯಲ್ಲಿ ಅಡಗಿದ್ದು ರಾತ್ರಿ ಕೋಳಿ ಮೈಗೆ ಹತ್ತುತ್ತದೆ. ಸ್ವಲ್ಪ ಹೊತ್ತು ಕುಡಿದು ಮತ್ತೆ ಸಂದಿ ಸೇರುತ್ತದೆ. ಮೊಟ್ಟೆ ಇಡುವುದೂ ಅಲ್ಲೇ. ಬೆಚ್ಚಗೆ, ತೇವವಾಗಿ ಇದ್ದರೆ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಒಂದು ವಾರ ಸಾಕು. ನಮ್ಮ ಶ್ರಾವಣ ಭಾದ್ರಪದದ ಹವೆ ಅದಕ್ಕೆ ಸರಿಯಾಗಿ ಒಗ್ಗುತ್ತದೆ. ಕೋಳಿ ಇಲ್ಲದಿದ್ದರೂ ಅದು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹಾಗಾಗಿ ನಾಲ್ಕು ದಿನ ಗೂಡು ಖಾಲಿ ಬಿಟ್ಟರೆ ಸಾಯುತ್ತದೆ ಎನ್ನುವ ಲೆಕ್ಕ ನಡೆಯುವುದಿಲ್ಲ. ಕೋಳಿಗೆ ಎಷ್ಟು ಬೂದಿ ಹಚ್ಚಿದರೂ ಔಷಧಿ ಬೇಕಾದದ್ದು ಗೂಡಿಗೆ.

ಹಗಲಲ್ಲೂ ಮೈಮೇಲೆ ನುಸಿ ಸಿಕ್ಕರೆ, ಗುದದ ಸುತ್ತಲಿನ ಪುಕ್ಕ ಕಪ್ಪಾಗಿ ಅಂಟಿಕೊಂಡಿದ್ದರೆ ಅದು ಬೇರೆ ಜಾತಿ. ಅದು ಕೋಳಿ ಮೈಮೇಲೇ ವಾಸ ಮಾಡುತ್ತದೆ. ಆಗ ಕೋಳಿಗೂ ಔಷಧಿ ಬೇಕು. ಪುಕ್ಕದ ಬುಡದಲ್ಲಿ ಬಿಳಿ ಗಂಟಿನಂತೆ ಮೊಟ್ಟೆ ಅಂಟಿದ್ದರೆ ಹೇನು. ಮಣ್ಣಿನ ಗೋಡೆಯಲ್ಲಿ ಕೋಳಿ ಉಣ್ಣೆಯೂ ಇರುತ್ತದೆ. ಅದೂ ರಾತ್ರಿಯ ಕಳ್ಳನೇ, ಆದರೆ ದೊಡ್ಡದು, ಚಪ್ಪಟೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಯಾವುದು ಎಂದು ಗೊತ್ತಾಗದೆ ಔಷಧಿ ತರಬೇಡಿ.

ನಾವು ಕೋಳಿಗಳನ್ನು ದನದ ಕೊಟ್ಟಿಗೆಯ ಮೂಲೆಗೆ ಸಾಗಿಸಿದೆವು. ಕೂರಲು ಕಬ್ಬಿಣದ ಪೈಪ್ ಕಟ್ಟಿ, ಅದರ ಎರಡೂ ತುದಿಗೆ ಗ್ರೀಸ್ ಬಳಿದೆವು, ಇದ್ದಬದ್ದ ನುಸಿ ಅಲ್ಲಿಂದ ಇಲ್ಲಿಗೆ ಓಡಾಡದಿರಲಿ ಎಂದು. ತತ್ತಿ ಇಡುವ ತೊಗರಿ ಕಟ್ಟಿಗೆಯ ಬುಟ್ಟಿಗಳನ್ನೂ ಒಳಗಿನ ಹುಲ್ಲನ್ನೂ ಅದೇ ದಿನ ಸುಟ್ಟೆವು. ಹೆಣೆದ ಬುಟ್ಟಿಯಲ್ಲಿ ಇರುವಷ್ಟು ಸಂದಿ ಬೇರೆಲ್ಲೂ ಇಲ್ಲ, ತೊಳೆದು ಉಳಿಸಿಕೊಳ್ಳುವ ಆಸೆ ಬಿಡಿ. ಹಳೇ ಬಿದಿರಿನ ಗಳವೂ ಒಲೆ ಸೇರಿತು.

ಆಮೇಲೆ ಗೂಡು. ಮೊದಲು ಒಣ ಕಸವನ್ನೆಲ್ಲ ಕೆರೆದು ತೆಗೆದೆವು. ಹಂಡೆಯಲ್ಲಿ ನೀರು ಕುದಿಸಿ ಚೊಂಬಿನಿಂದ ಒಂದೊಂದು ಸಂದಿಗೂ ಸುರಿದೆ. ಕುದಿಯುವ ನೀರು ತಾಗಿದರೆ ನುಸಿಯೂ ಉಳಿಯುವುದಿಲ್ಲ, ಅದರ ಮೊಟ್ಟೆಯೂ ಉಳಿಯುವುದಿಲ್ಲ. ಆದರೆ ನೀರು ಆಳಕ್ಕೆ ಹೋಗುವಷ್ಟರಲ್ಲಿ ಆರುತ್ತದೆ. ಅದಕ್ಕೇ ಗೂಡು ಒಣಗಿದ ಮೇಲೆ ಡಾಕ್ಟರ್ ಬರೆದುಕೊಟ್ಟ ಡೆಲ್ಟಾಮೆಥ್ರಿನ್ ದ್ರಾವಣವನ್ನು ಅವರು ಹೇಳಿದ ಪ್ರಮಾಣದಲ್ಲಿ ಕಲಸಿ, ಕೈ ಪಂಪಿನಿಂದ ಸಂದಿಗಳಿಗೆ ಹೊಡೆದೆವು. ಗೋಡೆಗೆ ಸುಮ್ಮನೆ ಎರಚಿದರೆ ಔಷಧಿ ದಂಡ. ಪಂಪಿನ ಮೂತಿ ಸಂದಿಗೇ ಹಿಡಿಯಬೇಕು. ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಬೇಕೇ ಬೇಕು. ನೀರಿನ ತಟ್ಟೆ, ಕಾಳಿನ ಡಬ್ಬಿ ಮೊದಲೇ ದೂರ ಇಡಬೇಕು. ಗೂಡು ಪೂರ್ತಿ ಒಣಗುವ ತನಕ ಕೋಳಿ ಬಿಡಬಾರದು. ತತ್ತಿಯನ್ನು ಎಷ್ಟು ದಿನ ತಿನ್ನಬಾರದು ಎಂದು ಔಷಧಿ ಬರೆಸುವಾಗಲೇ ಕೇಳಿಕೊಳ್ಳಿ.

ಒಂದು ಸಲ ಹೊಡೆದು ಕೈತೊಳೆದುಕೊಂಡರೆ ಎಲ್ಲ ವ್ಯರ್ಥ. ಔಷಧಿಗೆ ಮೊಟ್ಟೆ ಸಾಯುವುದಿಲ್ಲ. ವಾರದಲ್ಲಿ ಅವು ಒಡೆದು ಮರಿ ಬರುತ್ತವೆ, ಆ ಮರಿ ದೊಡ್ಡವಾಗಿ ಮತ್ತೆ ಮೊಟ್ಟೆ ಇಡುವ ಮೊದಲೇ ಎರಡನೇ ಸಲ ಹೊಡೆಯಬೇಕು. ನಾವು ಒಂದು ವಾರಕ್ಕೆ ಮತ್ತೆ ಹೊಡೆದೆವು. ಆಮೇಲೂ ರಾತ್ರಿ ಬಿಳಿ ಬಟ್ಟೆಯ ಪರೀಕ್ಷೆ ಬಿಡಲಿಲ್ಲ.

ಇಲ್ಲಿ ಒಂದು ಮಾತು ಜೋರಾಗಿಯೇ ಹೇಳಬೇಕು. ನಮ್ಮದು ತೊಗರಿ, ಹತ್ತಿ ಬೆಳೆಯುವ ನಾಡು. ಯಾರ ಮನೆ ಮೂಲೆ ನೋಡಿದರೂ ಹೊಲಕ್ಕೆ ಹೊಡೆದು ಉಳಿದ ಕೀಟನಾಶಕದ ಬಾಟಲಿ ಇರುತ್ತದೆ. "ಅದನ್ನೇ ನಾಕು ಹನಿ ಹಾಕ್ರಿ, ನುಸಿ ಏನ್ ಲೆಕ್ಕ" ಎಂದು ನಮಗೂ ಹೇಳಿದವರಿದ್ದರು. ಮೊನೋಕ್ರೋಟೋಫಾಸ್‌ನಂಥ ಔಷಧಿ ಹಕ್ಕಿಗಳಿಗೆ ಘೋರ ವಿಷ. ನುಸಿಯ ಜೊತೆ ಕೋಳಿಯೂ ಹೋಗುತ್ತದೆ, ತತ್ತಿ ತಿಂದವರಿಗೂ ಅಪಾಯ. ಹಾಗೇ ಎಮ್ಮೆಗೆ ತಂದ ಐವರ್ಮೆಕ್ಟಿನ್ ಎಂಬ ಹುಳದ ಔಷಧಿಯನ್ನು ಕೋಳಿಗೆ ಅಂದಾಜಿನಲ್ಲಿ ಕೊಡುವವರೂ ಇದ್ದಾರೆ. ಅದರ ಅಂಶ ತತ್ತಿಯಲ್ಲಿ ಉಳಿಯುತ್ತದೆ. ಡಾಕ್ಟರ್ ಹೇಳದೆ ಅದರ ಗೊಡವೆ ಬೇಡ.

ಆಯಿಯ ಬೂದಿಯನ್ನು ನಾನು ತೆಗೆದು ಹಾಕಲಿಲ್ಲ. ಬೇವಿನ ಮರದ ಕೆಳಗೆ ತಗ್ಗು ತೋಡಿ, ಜರಡಿ ಹಿಡಿದ ಬೂದಿ ಮತ್ತು ಒಣ ಮಣ್ಣು ತುಂಬಿದೆ. ಕೋಳಿಗಳು ಮಧ್ಯಾಹ್ನ ಅಲ್ಲೇ ಹೊರಳಾಡುತ್ತವೆ. ಮೈಮೇಲಿನ ಹೇನಿಗೆ ಅದು ಒಳ್ಳೆಯದು. ಮಳೆ ನೀರು ಬೀಳದಂತೆ ನೋಡಿಕೊಂಡರೆ ಸಾಕು. ರಕ್ತ ಕಡಿಮೆಯಾದ ಕೋಳಿಗಳಿಗೆ ಜೋಳದ ನುಚ್ಚಿನ ಜೊತೆ ನುಗ್ಗೆಸೊಪ್ಪು ಹೆಚ್ಚಿ ಹಾಕಿದೆ. ಸಣ್ಣ ಮರಿಗಳಲ್ಲಿ ಕೆಲವು ಉಳಿಯಲಿಲ್ಲ. ಅಷ್ಟು ಸಣ್ಣ ಮೈಯಲ್ಲಿ ಎಷ್ಟು ರಕ್ತ ಇರುತ್ತದೆ, ಹೇಳಿ.

ದಸರಾ ಹೊತ್ತಿಗೆ ಮಳೆ ನಿಂತ ಮೇಲೆ ಮನೆಯವರು ಸಂದಿಗಳಿಗೆಲ್ಲ ಸಿಮೆಂಟ್ ತುಂಬಿ, ಮೇಲೆ ಗಟ್ಟಿಯಾಗಿ ಸುಣ್ಣ ಬಳಿದರು. ನನ್ನ ಕೇಳಿದರೆ ಎಲ್ಲ ಔಷಧಿಗಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಹೆಣೆದ ಬುಟ್ಟಿಯ ಬದಲು ಈಗ ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದೇನೆ, ತೊಳೆಯಲು ಸುಲಭ. ನೋಡಲು ಚೆಂದ ಇಲ್ಲ, ಆದರೆ ಹೇಂಟೆಗೆ ಅದರ ಚಿಂತೆ ಇಲ್ಲ.

ನಮ್ಮ ಬಿಸಿಲೂ ಸಹಾಯಕ್ಕೆ ಬರುತ್ತದೆ. ಮೇ ತಿಂಗಳಲ್ಲಿ ಕಲಬುರಗಿ ಕಡೆ 42, 43 ಡಿಗ್ರಿ ಸಾಮಾನ್ಯ. ಅಂಗಳದ ಪರಸಿ ಮೇಲೆ ಬರಿಗಾಲು ಇಡಲು ಆಗುವುದಿಲ್ಲ. ಗಾಳಿಯಲ್ಲೇ ಅಷ್ಟಿದ್ದರೆ ಕಲ್ಲು ಇನ್ನೂ ಹೆಚ್ಚು ಕಾದಿರುತ್ತದೆ. 45 ಡಿಗ್ರಿ ದಾಟಿದ ಬಿಸಿಯನ್ನು ಕೆಂಪು ನುಸಿ ತಾಳುವುದಿಲ್ಲ. ಬೇಸಿಗೆಯಲ್ಲಿ ಬುಟ್ಟಿ, ಹಲಗೆ, ಪೈಪ್ ಎಲ್ಲವನ್ನೂ ಇಡೀ ಮಧ್ಯಾಹ್ನ ಅದರ ಮೇಲೆ ಒಣಗಲು ಹಾಕುತ್ತೇನೆ. ಖರ್ಚಿಲ್ಲದ ಔಷಧಿ.

ಆ ಗಲಾಟೆಯ ನಡುವೆ ಸಂತೆಯಿಂದ ತಂದ ಹುಂಜದ ಕಾಲು ಬೇರೆ ಕೆಟ್ಟಿತ್ತು. ಹುರುಪೆ ಎದ್ದು ಸುಣ್ಣ ಮೆತ್ತಿದ ಹಾಗೆ ದಪ್ಪಗಾಗಿತ್ತು. ಅದೂ ನುಸಿಯೇ, ಆದರೆ ಕಾಲಿನ ಹುರುಪೆಯೊಳಗೆ ಕೊರೆದು ಇರುವ ಜಾತಿ. ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಕಾಲು ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಮನೆಯ ಕುಸುಬಿ ಎಣ್ಣೆ ದಪ್ಪಗೆ ಹಚ್ಚಿದೆ. ಎಣ್ಣೆ ಮುಚ್ಚಿಕೊಂಡರೆ ನುಸಿಗೆ ಉಸಿರಾಡಲು ಆಗುವುದಿಲ್ಲ. ವ್ಯಾಸಲಿನ್ ಕೂಡ ನಡೆಯುತ್ತದೆ. ಸೀಮೆಎಣ್ಣೆ ಮಾತ್ರ ಬೇಡ, ಚರ್ಮ ಸುಡುತ್ತದೆ. ಹುರುಪೆಯನ್ನು ಕಿತ್ತು ತೆಗೆಯಲೂ ಹೋಗಬಾರದು, ರಕ್ತ ಬರುತ್ತದೆ. ವಾರಕ್ಕೆ ಎರಡು ಮೂರು ಸಲ ಹಚ್ಚುತ್ತಾ ಹೋದರೆ ಹಳೇ ಹುರುಪೆ ತಾನೇ ಉದುರುತ್ತದೆ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಈಗ ಸಂತೆಯಿಂದ ಯಾವ ಕೋಳಿ ಬಂದರೂ ಮೊದಲು ಕೊಟ್ಟಿಗೆಯಲ್ಲಿ ಬೇರೆ ಕಟ್ಟಿ, ಕಾಲು, ಬಾಲದ ಬುಡ, ರೆಕ್ಕೆ ಅಡಿ ನೋಡಿಯೇ ಗೂಡಿಗೆ ಬಿಡುತ್ತೇನೆ. ಗೂಡಿನ ಪಕ್ಕದ ತಗಡಿನಡಿ ಗುಬ್ಬಿ, ಪಾರಿವಾಳ ಗೂಡು ಕಟ್ಟಿದ್ದರೆ ಅಲ್ಲಿಂದಲೂ ನುಸಿ ಬರುತ್ತದೆ. ಮರಿ ಹಾರಿಹೋದ ಮೇಲೆ ಆ ಗೂಡುಗಳನ್ನೂ ತೆಗೆದು ಸುಡುತ್ತೇವೆ.